ಬಾನಿನಲ್ಲಿರುವ ತೂಕದ ಲೆಕ್ಕ ರಸ್ತೆಗೂ ಬೇಕು: ಗ್ಲೈಡರ್ ಟ್ರೇಲರಿನ ಓಲಾಟ

ಗ್ಲೈಡರ್ ಹಾರಾಟದ ಅರ್ಧ ಕಥೆ ನಡೆಯುವುದು ರಸ್ತೆಯ ಮೇಲೆ. ಎಂಜಿನ್ ಇಲ್ಲದ ಈ ವಿಮಾನ ಮೇಲೇರುವ ಬಿಸಿಗಾಳಿ ಸಿಗುವಷ್ಟು ಹೊತ್ತು ಮೇಲಿರುತ್ತದೆ. ಸಿಗದೆ ಹೋದರೆ ಯಾವುದೋ ಊರಿನ ಗೋಧಿ ಹೊಲದಲ್ಲೋ ಹುಲ್ಲುಗಾವಲಿನಲ್ಲೋ ಇಳಿಯುತ್ತದೆ. 1972ರ ಏಪ್ರಿಲ್ 25ರಂದು ಹಾನ್ಸ್ ವೆರ್ನರ್ ಗ್ರೋಸ ಎಂಬ ಜರ್ಮನ್ ಪೈಲಟ್ ಲ್ಯೂಬೆಕ್‌ನಿಂದ ಹೊರಟು ಫ್ರಾನ್ಸಿನ ಬಿಯಾರಿಟ್ಸ್‌ವರೆಗೆ ನೇರವಾಗಿ 1,460 ಕಿಲೋಮೀಟರ್ ಹಾರಿದರು. ಅದು ದಾಖಲೆಯ ಹಾರಾಟ. ಅಷ್ಟು ದೂರ ಹೋಗದ ಸಾಮಾನ್ಯ ಪೈಲಟ್‌ಗೂ ಮನೆಯಿಂದ 100, 200 ಕಿಲೋಮೀಟರ್ ಆಚೆ ಇಳಿಯಬೇಕಾಗಿ ಬರುವುದು ಈ ಕ್ರೀಡೆಯ ದಿನನಿತ್ಯದ ಮಾತು. ಹಾಗೆ ಇಳಿದ ಗ್ಲೈಡರ್ ವಾಪಸು ಬರುವುದು ಸಾಮಾನ್ಯವಾಗಿ ಕಾರಿನ ಹಿಂದೆ ಕಟ್ಟಿದ ಉದ್ದನೆಯ ಬಿಳಿ ಪೆಟ್ಟಿಗೆಯಲ್ಲಿ. ಸ್ಪರ್ಧೆಗೆ ಹೋಗುವಾಗಲೂ ಅದೇ ಪೆಟ್ಟಿಗೆ. ಗಗನದಲ್ಲಿ ಒಂದು ದಿನ ಕಳೆಯಲು ಹೆದ್ದಾರಿಯಲ್ಲಿ ಎರಡು ದಿನ ಕಳೆಯುವವರು ಜರ್ಮನಿಯಲ್ಲಿ, ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆ ಪೆಟ್ಟಿಗೆ ಒಮ್ಮೊಮ್ಮೆ ಓಲಾಡಲು ಶುರುಮಾಡುತ್ತದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ, ಸೇತುವೆಯ ಮೇಲೆ ಅಡ್ಡಗಾಳಿ ಬಡಿದಾಗ, ಇಳಿಜಾರಿನಲ್ಲಿ ವೇಗ ಏರಿದಾಗ, ಟ್ರೇಲರಿನ ಹಿಂಭಾಗ ಮೊದಲು ಒಂದು ಬದಿಗೆ, ಒಂದೆರಡು ಸೆಕೆಂಡಿನಲ್ಲಿ ಇನ್ನೊಂದು ಬದಿಗೆ ಹೋಗುತ್ತದೆ. ಬಹುತೇಕ ಸಲ ಎರಡು ಮೂರು ತೂಗಿನಲ್ಲಿ ಅದು ತಾನೇ ಸುಮ್ಮನಾಗುತ್ತದೆ. ಸುಮ್ಮನಾಗದಿದ್ದರೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗಿ, ಟ್ರೇಲರ್ ಕಾರಿನ ಬಾಲವನ್ನೇ ಎಳೆದಾಡತೊಡಗುತ್ತದೆ. ಕೊನೆಗೆ ಎರಡೂ ರಸ್ತೆಯಿಂದಾಚೆ ಉರುಳಬಹುದು. ಒಳಗಿರುವ ವಿಮಾನದ ಬೆಲೆ ಹಲವು ವೇಳೆ ಎಳೆಯುವ ಕಾರಿನ ಬೆಲೆಗಿಂತ ಹೆಚ್ಚು. ಕಾರಿನಲ್ಲಿರುವವರ ಜೀವಕ್ಕೆ ಬೆಲೆ ಕಟ್ಟುವಂತಿಲ್ಲ.

ಇದಕ್ಕೆ ಮದ್ದೇನು ಎಂದು ಕೇಳಿದರೆ ಗ್ಲೈಡರ್ ಕ್ಲಬ್ಬುಗಳಲ್ಲಿ ಹತ್ತು ಉತ್ತರ ಸಿಗುತ್ತವೆ. ದೊಡ್ಡ ಕಾರು ತಗೊಳ್ಳಿ, ಘರ್ಷಣೆಯ ಕಪ್ಲಿಂಗ್ ಹಾಕಿಸಿ, ಟೈರಿಗೆ ಗಾಳಿ ಹೆಚ್ಚಿಸಿ, ಎರಡು ಆಕ್ಸಲಿನ ಟ್ರೇಲರ್ ಕೊಳ್ಳಿ, ನಿಧಾನವಾಗಿ ಹೋಗಿ. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಆದರೆ ಎಲ್ಲದರ ತೂಕವೂ ಒಂದೇ ಅಲ್ಲ. ಯಾವುದು ಮೊದಲು, ಯಾವುದು ಕೊನೆಗೆ ಎಂದು ತೀರ್ಮಾನಿಸಬೇಕಾದರೆ ಓಲಾಟ ಹುಟ್ಟುವ ಬಗೆ ತಿಳಿದಿರಬೇಕು.

ಟ್ರೇಲರ್ ಒಂದು ಬದಿಗೆ ಸರಿದೊಡನೆ ಅದರ ಟೈರು ಮುಖ ಮಾಡಿದ ದಿಕ್ಕು ಒಂದು, ಸಾಗುವ ದಿಕ್ಕು ಇನ್ನೊಂದು ಆಗುತ್ತದೆ. ಈ ಸಣ್ಣ ಕೋನದಿಂದ ರಬ್ಬರು ತಿರುಚಿಕೊಂಡು ಪೆಟ್ಟಿಗೆಯನ್ನು ಮತ್ತೆ ಕಾರಿನ ಹಿಂದಕ್ಕೆ ತಳ್ಳುತ್ತದೆ. ಅದು ಮರಳಿಸುವ ಬಲ. ಅದೊಂದೇ ಇದ್ದರೆ ಪೆಟ್ಟಿಗೆ ನಡುಗೆರೆ ದಾಟಿ ಇನ್ನೊಂದು ಬದಿಗೆ ಹೋಗಿ, ತೂಗುತ್ತಲೇ ಇರುತ್ತದೆ. ತೂಗಾಟವನ್ನು ತಣಿಸುವ ಬಲವೂ ಬೇಕು. ಅದನ್ನು ಕೊಡುವುದೂ ಟೈರುಗಳೇ. ಹಿಂಭಾಗ ಅಡ್ಡಡ್ಡ ಬೀಸುವಾಗ ಆ ಅಡ್ಡ ವೇಗವನ್ನು ಕಾರಿನ ಮುನ್ನುಗ್ಗುವ ವೇಗದಿಂದ ಭಾಗಿಸಿದಷ್ಟು ಕೋನ ಟೈರಿಗೆ ಹೆಚ್ಚುವರಿಯಾಗಿ ಸಿಗುತ್ತದೆ, ಆ ಕೋನದಿಂದ ತಣಿಸುವ ಬಲ ಬರುತ್ತದೆ. ಗುಟ್ಟೆಲ್ಲ ಆ ಭಾಗಾಕಾರದಲ್ಲಿದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಸಿಗುವ ತಣಿಸುವ ಬಲ 100ರಲ್ಲಿ ಅರ್ಧಕ್ಕಿಳಿಯುತ್ತದೆ. ಅದೇ ಹೊತ್ತಿಗೆ ಟ್ರೇಲರಿನ ಮೂತಿ ಕಾರಿನ ಹಿಂಭಾಗವನ್ನು ಅತ್ತಿತ್ತ ನೂಕಿ, ಕಾರು ಅದಕ್ಕೆ ತಕ್ಕಂತೆ ದಿಕ್ಕು ಬದಲಿಸಿ, ಮುಂದಿನ ತೂಗಿಗೆ ಬೇಕಾದ ಶಕ್ತಿಯನ್ನು ತಾನೇ ಒದಗಿಸುತ್ತದೆ. ಜೋಕಾಲಿಯನ್ನು ತಳ್ಳುವವರು ಸುಮ್ಮನೆ ನಿಂತರೆ ಅದು ನಿಲ್ಲುತ್ತದೆ, ಪ್ರತಿ ಸಲ ಹದವರಿತು ಚೂರೇ ತಳ್ಳಿದರೂ ಮರದ ಕೊಂಬೆಗೆ ತಾಗುತ್ತದೆ. ತಣಿಸುವ ಬಲ ಹೆಚ್ಚೋ ತಳ್ಳುವ ಬಲ ಹೆಚ್ಚೋ ಎಂಬುದು ಬದಲಾಗುವ ಒಂದು ವೇಗ ಪ್ರತಿ ಕಾರು–ಟ್ರೇಲರ್ ಜೋಡಿಗೂ ಇರುತ್ತದೆ. ಅದು ನಿರ್ಣಾಯಕ ವೇಗ. ಅದರಿಂದ ಕೆಳಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದನ್ನು ದಾಟಿದ ಮೇಲೆ ಒಂದು ಸಣ್ಣ ಗಾಳಿಯ ಹೊಡೆತ ಸಾಕು.

ಗ್ಲೈಡರ್ ಪೈಲಟ್‌ಗೆ ಈ ಮಾತು ಹೊಸದಾಗಬಾರದು. ವಿಮಾನದ ರೆಕ್ಕೆಯೂ ಬಾಲವೂ ಒಂದು ವೇಗ ಮೀರಿದರೆ ತಮಗೆ ತಾವೇ ಅದುರಲು ತೊಡಗಿ ಕ್ಷಣಗಳಲ್ಲಿ ಮುರಿಯಬಲ್ಲವು. ಫ್ಲಟರ್ ಎಂದು ಕರೆಯುವ ಈ ಅಪಾಯದಿಂದ ದೂರವಿರಲೆಂದೇ ವೇಗಮಾಪಕದ ಮೇಲೆ ಕೆಂಪು ಗೆರೆ ಇರುತ್ತದೆ. ರುಡಾಲ್ಫ್ ಕೈಸರ್ ವಿನ್ಯಾಸ ಮಾಡಿದ, ಜಗತ್ತಿನ ಎಷ್ಟೋ ಕ್ಲಬ್ಬುಗಳಲ್ಲಿ ಹೊಸಬರಿಗೆ ಕಲಿಸುವ ಎಎಸ್‌ಕೆ 21 ಗ್ಲೈಡರಿನಲ್ಲಿ ಆ ಗೆರೆ ಗಂಟೆಗೆ 280 ಕಿಲೋಮೀಟರಿನಲ್ಲಿದೆ. ಯಾವ ಪೈಲಟ್ಟೂ ಅದನ್ನು ದಾಟಿ ನೋಡೋಣ ಎನ್ನುವುದಿಲ್ಲ. ಗುರುತ್ವ ಕೇಂದ್ರದ ಮಾತೂ ಹಾಗೆಯೇ. ಅದು ಮಿತಿಗಿಂತ ಹಿಂದಕ್ಕೆ ಸರಿದರೆ ವಿಮಾನ ಹತೋಟಿಗೆ ಸಿಗುವುದಿಲ್ಲ. ಅದಕ್ಕೇ ಕಾಕ್‌ಪಿಟ್ಟಿನಲ್ಲಿ ಪೈಲಟ್ಟಿನ ಕನಿಷ್ಠ ತೂಕ ಬರೆದಿರುತ್ತದೆ, ಹಗುರ ಮೈಯವರು ಸೀಸದ ತೂಕ ಇಟ್ಟುಕೊಂಡು ಹಾರುತ್ತಾರೆ. ಅದೇ ವಿಮಾನವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿದ ಮೇಲೆ ಈ ಎರಡು ಲೆಕ್ಕಗಳನ್ನೂ ಕೇಳುವವರಿರುವುದಿಲ್ಲ. ಟ್ರೇಲರಿಗೂ ಒಂದು ಕೆಂಪು ಗೆರೆ ಇದೆ, ಅದು ಎಲ್ಲಿಯೂ ಬರೆದಿಲ್ಲ. ಟ್ರೇಲರಿಗೂ ಗುರುತ್ವ ಕೇಂದ್ರ ಇದೆ, ಅದನ್ನು ಬಹಳ ಮಂದಿ ಅಳೆದಿಲ್ಲ. ಓಲಾಟದ ಪ್ರಶ್ನೆಯ ಬಹುಪಾಲು ಈ ಎರಡು ಸಾಲುಗಳಲ್ಲೇ ಇದೆ.

ಪೆಟ್ಟಿಗೆಯೊಳಗೆ ಏನು ಎಲ್ಲಿ ಕೂರುತ್ತದೆ ಎಂದು ಒಮ್ಮೆ ನೋಡಬೇಕು. 1980ರ ದಶಕದಿಂದ ಸಾವಿರಕ್ಕೂ ಹೆಚ್ಚು ತಯಾರಾದ ಎಲ್‌ಎಸ್4 ಎಂಬ 15 ಮೀಟರ್ ರೆಕ್ಕೆಯ ಗ್ಲೈಡರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಖಾಲಿ ತೂಕ 240 ಕೆಜಿಯ ಆಸುಪಾಸು. ಒಂದೊಂದು ರೆಕ್ಕೆ 7 ಮೀಟರಿಗೂ ಉದ್ದ, 60ರಿಂದ 70 ಕೆಜಿ. ಇದನ್ನು ಹೊರುವ ಮುಚ್ಚಿದ ಟ್ರೇಲರ್ ಎಂಟೊಂಬತ್ತು ಮೀಟರ್ ಉದ್ದವಿದ್ದು, ಒಂದೇ ಆಕ್ಸಲಿನ ಮೇಲೆ ನಿಲ್ಲುತ್ತದೆ, ತಾನೇ 600, 700 ಕೆಜಿ ತೂಗುತ್ತದೆ. ಸಾಮಾನು ಸೇರಿದರೆ ಒಟ್ಟು 950 ಕೆಜಿ ಎನ್ನಬಹುದು. ಇಂದಿನ ಬಹುತೇಕ ಟ್ರೇಲರುಗಳಲ್ಲಿ ವಿಮಾನದ ಒಡಲು ಬಾಲ ಮುಂದಾಗಿ ಒಳಗೆ ಹೋಗುತ್ತದೆ. ಕಾಕ್‌ಪಿಟ್ ಹಿಂಬಾಗಿಲ ಕಡೆಗೆ ಉಳಿಯುತ್ತದೆ. ರೆಕ್ಕೆಗಳ ದಪ್ಪ ಬುಡವೂ ಹಿಂದೆ, ತೆಳು ತುದಿ ಮುಂದೆ. ಜೋಡಿಸುವಾಗ ಒಡಲನ್ನು ಗಾಲಿಬಂಡಿಯ ಮೇಲೆ ಹಿಂದಕ್ಕೆ ಎಳೆದು ರೆಕ್ಕೆ ಸೇರಿಸಲು ಈ ಏರ್ಪಾಡು ಬಹಳ ಅನುಕೂಲ. ಆದರೆ ಭಾರವಾದುದೆಲ್ಲ ಹಿಂದೆ ಸೇರಿತು. ತಯಾರಕರು ಇದನ್ನು ಬಲ್ಲರು, ಆದ್ದರಿಂದಲೇ ಆಕ್ಸಲನ್ನು ನಡುವಿಗಿಂತ ಸಾಕಷ್ಟು ಹಿಂದೆ ಕೂರಿಸುತ್ತಾರೆ. ಅವರು ಲೆಕ್ಕ ಹಾಕಿದ್ದು ಗ್ಲೈಡರಿಗೆ. ಆಮೇಲೆ ಮಾಲೀಕರು ತುಂಬುವ ಸಾಮಾನು ಆ ಲೆಕ್ಕದಲ್ಲಿಲ್ಲ.

ಟ್ರೇಲರನ್ನು ಸಿಕ್ಕಿಸಲು ಕಾರಿನ ಹಿಂದಿರುವ ಉಕ್ಕಿನ ಗುಂಡಿಗೆ ಬಾಲ್ ಎನ್ನುತ್ತಾರೆ. ಆ ಬಾಲ್‌ನಿಂದ ಆಕ್ಸಲಿಗೆ 5 ಮೀಟರ್ ದೂರವಿದೆ ಎಂದುಕೊಂಡರೆ ಲೆಕ್ಕ ಬಾಯಲ್ಲೇ ಮಾಡಬಹುದು. ಸಾಮಾನಿಲ್ಲದ ಟ್ರೇಲರ್ ಬಾಲ್ ಮೇಲೆ 42 ಕೆಜಿ ಒತ್ತುತ್ತಿದೆ ಎನ್ನೋಣ. ರೆಕ್ಕೆಗೆ ಕಟ್ಟುವ ಗಾಲಿ, ಬಾಲದ ಗಾಲಿ, ಎಳೆಯುವ ಕೋಲು, ಉಪಕರಣದ ಪೆಟ್ಟಿಗೆ ಸೇರಿ 30 ಕೆಜಿ. ಇವನ್ನು ಆಕ್ಸಲಿಗಿಂತ ಎರಡೂವರೆ ಮೀಟರ್ ಮುಂದೆ ಇಟ್ಟರೆ ಬಾಲ್ ಮೇಲಿನ ಭಾರ 57 ಕೆಜಿಗೆ ಏರುತ್ತದೆ. ಅಷ್ಟೇ ದೂರ ಹಿಂದೆ, ಬಾಗಿಲ ಬಳಿ ಕೈಗೆ ಸಿಗುವಂತೆ ಇಟ್ಟರೆ 27ಕ್ಕೆ ಇಳಿಯುತ್ತದೆ. ಹೊಲದಲ್ಲಿ ಕತ್ತಲಾಗುತ್ತಿರುವಾಗ, ಸುಸ್ತಾದ ಇಬ್ಬರು ಮೂವರು ವಿಮಾನ ಬಿಚ್ಚಿ ತುಂಬುವಾಗ, ಕೊನೆಗೆ ಉಳಿದ ಸಾಮಾನೆಲ್ಲ ಹಿಂಬಾಗಿಲ ಹತ್ತಿರವೇ ಬೀಳುವುದು ಸಹಜ. ಬರುವಾಗ ನೆಟ್ಟಗೆ ಬಂದ ಟ್ರೇಲರ್ ಹೋಗುವಾಗ ಓಲಾಡಿತು ಎಂಬ ದೂರಿನ ಹಿಂದೆ ಹಲವು ಸಲ ಇಷ್ಟೇ ಇರುತ್ತದೆ.

ಬಾಲ್ ಮೇಲಿನ ಈ ಭಾರಕ್ಕೆ ಮೂತಿಭಾರ ಎನ್ನೋಣ. ಇದನ್ನು ಅಳೆಯಲು ಮನೆಯ ಬಾತ್‌ರೂಮಿನಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಸಮತಟ್ಟಾದ ನೆಲದಲ್ಲಿ ಟ್ರೇಲರಿನ ಚಕ್ರಗಳಿಗೆ ಅಡೆಗಟ್ಟೆ ಕೊಟ್ಟು, ಪ್ರಯಾಣಕ್ಕೆ ಹೊರಡುವಾಗ ಏನೇನು ಇರುತ್ತದೋ ಅದೆಲ್ಲವನ್ನೂ ಅದರದರ ಜಾಗದಲ್ಲಿಟ್ಟು, ತೂಕದ ಯಂತ್ರದ ಮೇಲೊಂದು ಹಲಗೆ, ಹಲಗೆಯ ಮೇಲೆ ನೆಟ್ಟಗೆ ಒಂದು ಮರದ ತುಂಡು ನಿಲ್ಲಿಸಿ, ಬಾಲನ್ನು ಹಿಡಿಯುವ ಕಪ್ಲಿಂಗನ್ನು ಅದರ ಮೇಲೆ ಮೆಲ್ಲಗೆ ಇಳಿಸಬೇಕು. ಮುಂಗಾಲಿ ನೆಲದಿಂದ ಪೂರ್ತಿ ಮೇಲೆದ್ದಿರಬೇಕು. ಮರದ ತುಂಡಿನ ಉದ್ದ ಮುಖ್ಯ. ಕಪ್ಲಿಂಗ್ ಕಾರಿನ ಬಾಲ್ ಮೇಲೆ ಕೂತಾಗ ಎಷ್ಟು ಎತ್ತರದಲ್ಲಿರುತ್ತದೋ ತೂಗುವಾಗಲೂ ಅಷ್ಟೇ ಎತ್ತರದಲ್ಲಿರಬೇಕು. ಯೂರೋಪಿನ ನಿಯಮದಂತೆ ಭಾರ ಹೊತ್ತ ಕಾರಿನ ಬಾಲ್ ನಡುಬಿಂದು ನೆಲದಿಂದ 350ರಿಂದ 420 ಮಿಲಿಮೀಟರಿನ ನಡುವೆ ಇರುತ್ತದೆ. ಅದಕ್ಕೆ ತಕ್ಕಂತೆ ತುಂಡು ಕತ್ತರಿಸಿಟ್ಟುಕೊಂಡರೆ ಆಮೇಲೆ ಪ್ರತಿ ಸಲ ಹತ್ತು ನಿಮಿಷದ ಕೆಲಸ. ಹೊಲದಲ್ಲಿಳಿದ ಗ್ಲೈಡರ್ ತರಲು ಹೊರಡುವ ಖಾಲಿ ಟ್ರೇಲರನ್ನೂ ಬೇರೆಯಾಗಿ ತೂಗಬೇಕು. ಹೋಗುವ ದಾರಿಯಲ್ಲಿ ಅದರ ಭಾರ ಹಂಚಿಕೆಯೇ ಬೇರೆ, ಅಡ್ಡಗಾಳಿಗೆ ಅದು ತುಂಬಿದ ಟ್ರೇಲರಿಗಿಂತ ಸುಲಭವಾಗಿ ಅಲುಗುತ್ತದೆ.

ಎಷ್ಟು ಮೂತಿಭಾರ ಇರಬೇಕು ಎನ್ನುವಲ್ಲಿ ಅಟ್ಲಾಂಟಿಕ್‌ನ ಎರಡು ದಡಗಳ ಉತ್ತರ ಬೇರೆ ಬೇರೆ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಎನ್ನುವುದು ಎಲ್ಲರ ಬಾಯಲ್ಲಿರುವ ಸೂತ್ರ. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವವರಿಗೆ ಹೇಳುವುದು 5ರಿಂದ 7 ಶೇಕಡಾ. ಜರ್ಮನಿಯ ಕಾನೂನು ಕನಿಷ್ಠ 4 ಶೇಕಡಾ ಕೇಳುತ್ತದೆ, ಆದರೆ ಅದು 25 ಕೆಜಿ ಮೀರಲೇಬೇಕೆಂಬ ಕಡ್ಡಾಯವಿಲ್ಲ. ಎಂದರೆ ಮೇಲಿನ ಉದಾಹರಣೆಯಲ್ಲಿ ಸಾಮಾನನ್ನು ಹಿಂದಿಟ್ಟಾಗ ಉಳಿದ 27 ಕೆಜಿ ಕಾನೂನಿನ ಕಣ್ಣಿಗೆ ಸರಿ. ಕಾನೂನಿಗೆ ಸರಿಯಾದದ್ದು ಹೆದ್ದಾರಿಯ ವೇಗಕ್ಕೆ ಸಾಲುತ್ತದೆ ಎಂದು ನಂಬುವುದು ಅಪಾಯ. 950 ಕೆಜಿ ಟ್ರೇಲರಿಗೆ 50ರಿಂದ 65 ಕೆಜಿ ಇರುವುದು ವಿವೇಕದ ಮಾತು.

ಹಾಗಾದರೆ ಅಮೆರಿಕದ ಸೂತ್ರದಂತೆ 95 ಕೆಜಿಗೋ 140ಕ್ಕೋ ಏರಿಸಿದರೆ ಇನ್ನೂ ಒಳ್ಳೆಯದಲ್ಲವೇ? ಇಲ್ಲಿ ಎಚ್ಚರ ಬೇಕು. ಅಮೆರಿಕದ ಮೈದಾನಗಳಲ್ಲೂ ಕಾಣುವ ಒಳ್ಳೆಯ ಗ್ಲೈಡರ್ ಟ್ರೇಲರುಗಳು ಬಹುಪಾಲು ಜರ್ಮನಿಯಲ್ಲಿ ತಯಾರಾದವು. ಅವುಗಳ ಕಪ್ಲಿಂಗು, ಎಳೆಕೋಲು ಸಾಮಾನ್ಯವಾಗಿ 100 ಕೆಜಿ ಮೂತಿಭಾರಕ್ಕೆ ಎಂದು ಮುದ್ರೆ ಹೊತ್ತಿರುತ್ತವೆ. ಎಷ್ಟೋ ಯೂರೋಪಿಯನ್ ಕಾರುಗಳ ಮಿತಿ 75 ಕೆಜಿ. ಮಿತಿ ಮೀರಿದ ಭಾರ ಕಾರಿನ ಹಿಂಭಾಗವನ್ನು ಕುಸಿಸಿ ಮುಂಚಕ್ರಗಳ ಹಿಡಿತ ಕಡಿಮೆ ಮಾಡುತ್ತದೆ, ಆಗ ಸ್ಟೀರಿಂಗೇ ಹಗುರಾಗುತ್ತದೆ. ಕಾರಿನ ಪುಸ್ತಕ, ಬಾಲ್ ಮೇಲಿನ ಫಲಕ, ಟ್ರೇಲರಿನ ಫಲಕ ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಆ ಮಿತಿಯ ಒಳಗೆ, ಅದಕ್ಕೆ ಹತ್ತಿರವಾಗಿ ಇರುವುದು ಒಳ್ಳೆಯದು. ಗ್ಲೈಡರ್ ಟ್ರೇಲರುಗಳು ಕಡಿಮೆ ಮೂತಿಭಾರದಲ್ಲೂ ಚೆನ್ನಾಗಿ ಬರುವುದಕ್ಕೆ ಒಂದು ಕಾರಣವಿದೆ. ತಣಿಸುವ ಬಲ ಬಾಲ್‌ಗೂ ಆಕ್ಸಲಿಗೂ ನಡುವಿನ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಿಂದಕ್ಕೆ ಸರಿದ ಆಕ್ಸಲ್ ಈ ದೂರವನ್ನು ಉದಾರವಾಗಿ ಕೊಟ್ಟಿದೆ.

ಬಾತ್ ವಿಶ್ವವಿದ್ಯಾಲಯದ ಜಾಸ್ ಡಾರ್ಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಮುಖ್ಯವಾದುದು. ತೂಕಗಳನ್ನೂ ಆಕ್ಸಲಿನ ಜಾಗವನ್ನೂ ಬೇಕಾದಂತೆ ಬದಲಿಸಬಹುದಾದ ಒಂದು ಟ್ರೇಲರ್ ಕಟ್ಟಿ ಅವರು ಹೆಚ್ಚಿನ ವೇಗದಲ್ಲಿ ಎಳೆದು ನೋಡಿದರು. ಸ್ಥಿರತೆಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಮೂತಿಭಾರ, ಆಕ್ಸಲಿನ ಸ್ಥಾನ ಮತ್ತು ಟ್ರೇಲರಿನ ತಿರುಗು ಜಡತ್ವ. ಬರೀ ಒಟ್ಟು ತೂಕ ಹೆಚ್ಚಿಸಿದ್ದರಿಂದ ಅಂಥ ದೊಡ್ಡ ವ್ಯತ್ಯಾಸ ಆಗಲಿಲ್ಲ. ಟ್ರೇಲರ್ ಭಾರವಾಯಿತು, ಅದಕ್ಕೇ ಓಲಾಡುತ್ತಿದೆ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಇದು ತಿದ್ದುತ್ತದೆ. ಭಾರ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದೇ ದೊಡ್ಡ ಪ್ರಶ್ನೆ.

ತಿರುಗು ಜಡತ್ವ ಎಂದರೆ ಪೆಟ್ಟಿಗೆ ಅಡ್ಡಡ್ಡ ತಿರುಗತೊಡಗಿದಾಗ ಅದನ್ನು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದರ ಅಳತೆ. ಅದು ದೂರದ ವರ್ಗದಂತೆ ಏರುತ್ತದೆ. 30 ಕೆಜಿಯ ಪೆಟ್ಟಿಗೆಯನ್ನು ಗುರುತ್ವ ಕೇಂದ್ರದಿಂದ 1 ಮೀಟರ್ ದೂರದಲ್ಲಿ ಇಡುವುದಕ್ಕೂ 4 ಮೀಟರ್ ದೂರದಲ್ಲಿ ಇಡುವುದಕ್ಕೂ ವ್ಯತ್ಯಾಸ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ಹಿಂಬದಿ ಹಗುರ ಮಾಡಬೇಕೆಂದು ಸಾಮಾನೆಲ್ಲವನ್ನೂ ಟ್ರೇಲರಿನ ತೀರ ಮೂತಿಗೆ ತುರುಕುವವರು ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಕಳೆದುಕೊಳ್ಳುತ್ತಾರೆ. ಸಾಮಾನಿಗೆ ಒಳ್ಳೆಯ ಜಾಗ ಆಕ್ಸಲಿನ ತುಸು ಮುಂದೆ, ನೆಲಕ್ಕೆ ತಾಗಿಕೊಂಡು. ಅದಕ್ಕಿಂತಲೂ ಒಳ್ಳೆಯ ಜಾಗ ಕಾರಿನೊಳಗೆ, ಹಿಂಚಕ್ರಗಳಿಗೆ ಹತ್ತಿರ. ಪ್ಯಾರಾಚೂಟು, ಬ್ಯಾಟರಿ, ನೀರಿನ ಕ್ಯಾನು, ಡೇರೆ ಇವನ್ನು ಟ್ರೇಲರಿನಲ್ಲೇ ಒಯ್ಯಬೇಕೆಂಬ ನಿಯಮವೇನೂ ಇಲ್ಲ. ಒಡಲು ಕೂರುವ ಗಾಲಿಬಂಡಿಯ ಚಿಲಕ ಬಿಗಿಯಾಗಿದೆಯೇ ಎಂದು ಪ್ರತಿ ಸಲ ನೋಡಬೇಕು. ನೂರು ಕೆಜಿ ಮೀರಿದ ಒಡಲು ದಾರಿಯಲ್ಲಿ ಒಂದು ಗೇಣು ಹಿಂದೆ ಜಾರಿದರೂ ಬೆಳಿಗ್ಗೆ ತೂಗಿದ ಲೆಕ್ಕ ಕೆಟ್ಟುಹೋಗುತ್ತದೆ.

ಕೆಲವರು ತಮ್ಮ ಕೈಯಾರೆ ಕಟ್ಟಿದ ಟ್ರೇಲರುಗಳಲ್ಲಿ ಆಕ್ಸಲನ್ನೇ ಸರಿಸಿ ನೋಡುತ್ತಾರೆ. 950 ಕೆಜಿಯ ಟ್ರೇಲರಿನಲ್ಲಿ ಆಕ್ಸಲನ್ನು 10 ಸೆಂಟಿಮೀಟರ್ ಹಿಂದಕ್ಕೆ ತಂದರೆ ಮೂತಿಭಾರ ಹೆಚ್ಚುಕಡಿಮೆ 19 ಕೆಜಿ ಏರುತ್ತದೆ. ಸಾಮಾನು ಎಷ್ಟು ಜಾಗ ಬದಲಿಸಿದರೂ ಮೂತಿ ಹಗುರಾಗಿಯೇ ಉಳಿಯುವ ಹಳೆಯ ಟ್ರೇಲರುಗಳಿಗೆ ಇದೇ ಸರಿಯಾದ ದುರಸ್ತಿ. ಎರಡು ಆಕ್ಸಲಿನ ಟ್ರೇಲರುಗಳು ಹೆಚ್ಚು ಟೈರು ಹೊಂದಿರುವುದರಿಂದ ನೆಟ್ಟಗೆ ಓಡುತ್ತವೆ ನಿಜ. ಆದರೆ ಅವನ್ನು ಮಣ್ಣಿನ ಹೊಲದಲ್ಲಿ ಕೈಯಿಂದ ತಿರುಗಿಸುವುದು ಇಬ್ಬರಿಂದ ಆಗುವ ಕೆಲಸವಲ್ಲ.

ಟೈರಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪ, ಆದರೆ ತಪ್ಪಿಸುವಂತಿಲ್ಲ. ಮರಳಿಸುವ ಬಲವೂ ತಣಿಸುವ ಬಲವೂ ಅಂಗೈಯಗಲದ ರಬ್ಬರಿನಿಂದಲೇ ಬರಬೇಕು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮೆತ್ತಗಾಗಿ ಎರಡೂ ಕುಸಿಯುತ್ತವೆ. ಗ್ಲೈಡರ್ ಟ್ರೇಲರುಗಳು ವರ್ಷದಲ್ಲಿ ಕೆಲವೇ ಸಾವಿರ ಕಿಲೋಮೀಟರ್ ಓಡುತ್ತವೆ, ಉಳಿದ ಕಾಲ ಬಿಸಿಲಿನಲ್ಲಿ ನಿಲ್ಲುತ್ತವೆ. ಅವುಗಳ ಟೈರಿನ ಗೀರು ಹೊಸದರಂತೆಯೇ ಇದ್ದು ಒಳಗಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 3118 ಎಂದಿದ್ದರೆ 2018ರ 31ನೇ ವಾರ. ಕಾರಿನ ಹಿಂಟೈರಿಗೂ ಬಾಗಿಲ ಕಂಬದ ಮೇಲೆ ಬರೆದಿರುವ, ಪೂರ್ಣ ಭಾರದ ಒತ್ತಡವನ್ನೇ ತುಂಬಬೇಕು. ಟ್ರೇಲರಿನ ಶಾಕ್ ಅಬ್ಸಾರ್ಬರ್ ಸೋತಿದ್ದರೆ ಚಕ್ರ ಪುಟಿಯುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಹಿಡಿತವಿಲ್ಲ.

ಎಳೆಯುವ ಕಾರು ಹೇಗಿರಬೇಕು? ಬರೀ ಎಂಜಿನ್ ಶಕ್ತಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ ಹೆಚ್ಚು ದೂರ, ಹಿಂಚಕ್ರದಿಂದ ಬಾಲ್‌ಗೆ ಕಡಿಮೆ ದೂರ, ಇವೇ ಒಳ್ಳೆಯ ಕಾರಿನ ಲಕ್ಷಣ. ಹಿಂಚಕ್ರದ ಆಚೆ ಬಾಲ್ ಎಷ್ಟು ದೂರ ಚಾಚಿದೆಯೋ ಟ್ರೇಲರಿಗೆ ಕಾರಿನ ಬಾಲ ಎಳೆಯಲು ಅಷ್ಟು ಸನ್ನೆ ಸಿಗುತ್ತದೆ. ಎತ್ತರದ ಮೆತ್ತನೆಯ ಎಸ್‌ಯುವಿಗಿಂತ ತಗ್ಗಿನ ಉದ್ದ ಸ್ಟೇಷನ್ ವ್ಯಾಗನ್ ಕೆಲವೊಮ್ಮೆ ಚೆನ್ನಾಗಿ ಎಳೆಯುವುದು ಇದಕ್ಕೇ. ಟ್ರೇಲರ್ ಮೂತಿ ಎತ್ತಿಕೊಂಡು ಓಡುತ್ತಿದ್ದರೆ ಬಾಲ್ ಎತ್ತರ ತಗ್ಗಿಸಬೇಕು. ಅಮೆರಿಕದಲ್ಲಿ ಇನ್ನೊಂದು ತೊಡಕು ಬಾಲ್ ಗಾತ್ರದ್ದು. ಜರ್ಮನ್ ಕಪ್ಲಿಂಗು 50 ಮಿಲಿಮೀಟರ್ ಬಾಲ್‌ಗೆ ಮಾಡಿದ್ದು. ಅಲ್ಲಿನ ಅಂಗಡಿಯಲ್ಲಿ ಸಿಗುವುದು 2 ಇಂಚಿನದು, ಎಂದರೆ 50.8 ಮಿಲಿಮೀಟರ್. ಅದಕ್ಕಿಂತ ಚಿಕ್ಕದಾದ 47.6 ಮಿಲಿಮೀಟರಿನ ಬಾಲೂ ಸಿಗುತ್ತದೆ. ಅದನ್ನು ಹಾಕಿದರೆ ಕಪ್ಲಿಂಗ್ ಸಡಿಲವಾಗಿ ಕಳಚಿಯೇ ಹೋಗಬಹುದು. ಹುಡುಕಿ 50 ಮಿಲಿಮೀಟರಿನದನ್ನೇ ತರಿಸಿಕೊಳ್ಳುವುದು ಸರಿ.

ಇಷ್ಟೆಲ್ಲ ಆದ ಮೇಲೆ ಉಪಕರಣಗಳ ಮಾತು. ಯೂರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಲ್-ಕೋ, ವಿಂಟರ್‌ಹೋಫ್ ಮುಂತಾದ ಕಂಪನಿಗಳ ಘರ್ಷಣೆಯ ಕಪ್ಲಿಂಗು. ಅದರೊಳಗಿನ ಪ್ಯಾಡುಗಳು ಬಾಲನ್ನು ಬಿಗಿಯಾಗಿ ಅವುಚಿಕೊಂಡು ಟ್ರೇಲರ್ ತಿರುಗುವುದನ್ನು ತಡೆಯುತ್ತವೆ. ಸಾಮಾನ್ಯ ಕಪ್ಲಿಂಗಿಗೆ ಗ್ರೀಸ್ ಹಚ್ಚಬೇಕು, ಇದಕ್ಕೆ ಹಚ್ಚಲೇಬಾರದು. ಬಾಲ್ ಮೇಲಿನ ಬಣ್ಣವನ್ನೂ ಉಜ್ಜಿ ತೆಗೆಯಬೇಕು. ಪ್ಯಾಡು ಸವೆದಿದೆಯೇ ಎಂದು ತೋರಿಸುವ ಗುರುತು ಅದರ ಮೇಲೆಯೇ ಇರುತ್ತದೆ.

ಘರ್ಷಣೆಗೆ ಒಂದು ಸ್ವಭಾವವಿದೆ, ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ತೂಗು ಸಣ್ಣದಿರಲಿ ದೊಡ್ಡದಿರಲಿ ಪ್ಯಾಡು ಒಡ್ಡುವ ತಡೆ ಅಷ್ಟೇ. ತೂಗು ಎರಡು ಪಟ್ಟಾದರೆ ಪ್ಯಾಡು ಹೀರುವ ಶಕ್ತಿ ಎರಡು ಪಟ್ಟಾಗುತ್ತದೆ. ನಿರ್ಣಾಯಕ ವೇಗ ಮೀರಿದಾಗ ತೂಗಾಟಕ್ಕೆ ಒದಗುವ ಶಕ್ತಿಯಾದರೋ ನಾಲ್ಕು ಪಟ್ಟು ಏರುತ್ತದೆ. ಹಾಗಾಗಿ ಆ ವೇಗದಲ್ಲಿ ಸಣ್ಣ ಅಲುಗಾಟಗಳನ್ನೆಲ್ಲ ಈ ಕಪ್ಲಿಂಗ್ ನುಂಗಿಬಿಡುತ್ತದೆ, ಚಾಲಕರಿಗೆ ಎಲ್ಲವೂ ಶಾಂತವಾಗಿದೆ ಎನಿಸುತ್ತದೆ. ಆಮೇಲೆ ಯಾವುದೋ ಒಂದು ಬಲವಾದ ಗಾಳಿಯ ಹೊಡೆತ ಪ್ಯಾಡಿನ ಶಕ್ತಿ ಮೀರಿದ ತೂಗು ಎಬ್ಬಿಸಿದರೆ ಅದು ನಿಲ್ಲದೆ ಬೆಳೆಯುತ್ತದೆ. ಮುನ್ಸೂಚನೆಯಾಗಿ ಬರಬೇಕಾಗಿದ್ದ ಸಣ್ಣ ಓಲಾಟವನ್ನು ಉಪಕರಣ ಮರೆಮಾಡಿತ್ತು. ಮೂತಿಭಾರ ಸರಿಯಿರುವ ಟ್ರೇಲರಿಗೆ ಈ ಕಪ್ಲಿಂಗ್ ಒಳ್ಳೆಯ ಕಾವಲು. ಓಲಾಡುವ ಟ್ರೇಲರಿಗೆ ಇದನ್ನು ಔಷಧಿ ಎಂದು ಹಾಕಿಸುವುದು ತಪ್ಪು.

ಎಲೆಕ್ಟ್ರಾನಿಕ್ ಉಪಾಯಗಳು ಬೇರೆ ದಾರಿ ಹಿಡಿಯುತ್ತವೆ. ಆಲ್-ಕೋ ಕಂಪನಿಯ ಎಟಿಸಿ ಟ್ರೇಲರಿನ ಮೇಲೆಯೇ ಕೂತು ಅಡ್ಡ ಅಲುಗಾಟವನ್ನು ಗ್ರಹಿಸಿ, ಟ್ರೇಲರಿನ ಬ್ರೇಕನ್ನು ತಾನೇ ಒತ್ತುತ್ತದೆ. ಹಿಂದಿನಿಂದ ಎಳೆತ ಬಿದ್ದು ಜೋಡಿ ನೆಟ್ಟಗಾಗುತ್ತದೆ, ವೇಗವೂ ಇಳಿಯುತ್ತದೆ. ಕಾರು ಅಡ್ಡ ಜಾರದಂತೆ ಕಾಯುವ ಇಎಸ್‌ಪಿಯಲ್ಲೇ ಟ್ರೇಲರ್ ಓಲಾಟ ತಡೆಯುವ ವ್ಯವಸ್ಥೆ ಈಗ ಅನೇಕ ಮಾದರಿಗಳಲ್ಲಿ ಇದೆ. ಅದು ಕಾರಿನ ಎಡಬಲ ಚಕ್ರಗಳಿಗೆ ತೂಗಿಗೆ ಎದುರಾಗಿ ಸರದಿಯ ಮೇಲೆ ಬ್ರೇಕು ಹಾಕಿ, ಎಂಜಿನ್ ಶಕ್ತಿಯನ್ನೂ ಇಳಿಸುತ್ತದೆ. ಮನುಷ್ಯನ ಕೈಗೆ ಸಾಧ್ಯವಾಗದ ಕರಾರುವಾಕ್ಕು ಅದು. ಯೂರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇಎಸ್‌ಪಿ ಕಡ್ಡಾಯ, ಆದರೆ ಟ್ರೇಲರಿಗೆ ಬೇಕಾದ ಈ ಭಾಗ ಎಲ್ಲದರಲ್ಲೂ ಇರುವುದಿಲ್ಲ. ಕೆಲವು ಕಾರುಗಳಲ್ಲಿ ಕಂಪನಿಯದೇ ಸಾಕೆಟ್ಟು ಹಾಕಿಸಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಹೊರಗಿನ ಅಂಗಡಿಯಲ್ಲಿ ಅಗ್ಗದ ವೈರಿಂಗ್ ಮಾಡಿಸುವ ಮುನ್ನ ಇದನ್ನು ಕೇಳಿಕೊಳ್ಳಬೇಕು. ಅಮೆರಿಕದಲ್ಲಿ ದೊಡ್ಡ ಕ್ಯಾಂಪರುಗಳಿಗೆ ಹಾಕುವ, ಸ್ಪ್ರಿಂಗ್ ಸರಳುಗಳಿಂದ ಭಾರ ಹಂಚುವ ಹಿಚ್ಚುಗಳು ಒಂಟಿ ಎಳೆಕೋಲಿನ, ಹಿಂದುಮುಂದು ಜಾರುವ ಕಪ್ಲಿಂಗಿನ ಗ್ಲೈಡರ್ ಟ್ರೇಲರುಗಳಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ವೇಗದ ವಿಷಯದಲ್ಲಿ ಸರ್ಕಾರಗಳು ಒಂದು ಅಂದಾಜಿನ ಕೆಂಪು ಗೆರೆ ಎಳೆದಿವೆ. ಜರ್ಮನಿಯಲ್ಲಿ ಟ್ರೇಲರ್ ಎಳೆಯುವ ಕಾರಿಗೆ ಗಂಟೆಗೆ 80 ಕಿಲೋಮೀಟರ್. ಶಾಕ್ ಅಬ್ಸಾರ್ಬರ್, 6 ವರ್ಷದೊಳಗಿನ ಟೈರು, ಕಾರಿಗೂ ಟ್ರೇಲರಿಗೂ ನಿಗದಿಯಾದ ತೂಕದ ಅನುಪಾತ ಇವುಗಳಿದ್ದರೆ 100ಕ್ಕೆ ಅನುಮತಿ ಸಿಗುತ್ತದೆ, ಅದಕ್ಕೊಂದು ಮುದ್ರೆಯ ಫಲಕವಿದೆ. ಬ್ರಿಟನ್ನಿನ ಮೋಟಾರುದಾರಿಯಲ್ಲಿ 60 ಮೈಲಿ, ಕ್ಯಾಲಿಫೋರ್ನಿಯದಲ್ಲಿ 55 ಮೈಲಿ. ಅಮೆರಿಕದ ಕೆಲವು ಪಶ್ಚಿಮ ರಾಜ್ಯಗಳಲ್ಲಿ ಇಂಥ ಪ್ರತ್ಯೇಕ ಮಿತಿ ಇಲ್ಲದೆ, ಮರುಭೂಮಿಯ ನೇರ ರಸ್ತೆಯಲ್ಲಿ 75 ಮೈಲಿಗೆ ಎಳೆಯುವವರಿದ್ದಾರೆ. 120 ಕಿಲೋಮೀಟರಿಗೂ ಮಿಕ್ಕಿದ ಆ ವೇಗ, 80ಕ್ಕೋ 100ಕ್ಕೋ ಎಂದು ವಿನ್ಯಾಸ ಮಾಡಿದ ಟ್ರೇಲರಿಗೆ ಪರೀಕ್ಷೆಯೇ ಸರಿ.

ಓಲಾಟ ಶುರುವಾಗಿಬಿಟ್ಟರೆ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಸ್ಟೀರಿಂಗನ್ನು ನೇರ ಹಿಡಿದಿರಬೇಕು. ಕನ್ನಡಿಯಲ್ಲಿ ಟ್ರೇಲರ್ ಬಲಕ್ಕೆ ಹೋದದ್ದು ಕಂಡು ಕೈ ತಿರುಗಿಸುವ ಹೊತ್ತಿಗೆ ಅದು ಎಡಕ್ಕೆ ಹೊರಟಿರುತ್ತದೆ. ಒಂದೆರಡು ಸೆಕೆಂಡಿನ ತೂಗಿಗೆ ಅರ್ಧ ಸೆಕೆಂಡು ತಡವಾಗಿ ಬರುವ ಕೈ ತಣಿಸುವ ಬದಲು ತಳ್ಳುತ್ತದೆ. ಕಾರಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಹಿಂದಿನ ಭಾರ ಬಾಲನ್ನು ಅಡ್ಡ ನೂಕಿ ಕಾರನ್ನೇ ಮಡಚಬಹುದು. ವೇಗ ಹೆಚ್ಚಿಸಿ ಎಳೆದರೆ ನೆಟ್ಟಗಾಗುತ್ತದೆ ಎಂಬ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ, ಅದನ್ನು ಯಾರೂ ಕೇಳಬಾರದು. ನಿರ್ಣಾಯಕ ವೇಗ ಮೀರಿ ಹುಟ್ಟಿದ ಓಲಾಟಕ್ಕೆ ಇನ್ನಷ್ಟು ವೇಗ ಕೊಡುವುದೆಂದರೆ ಉರಿಯುವ ಒಲೆಗೆ ಸೌದೆ ಒಡ್ಡುವುದು. ವಿದ್ಯುತ್ ಬ್ರೇಕಿರುವ ಅಮೆರಿಕನ್ ಟ್ರೇಲರುಗಳಲ್ಲಿ ಚಾಲಕರು ಕೈಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಹಾಕಬಹುದು. ಜರ್ಮನ್ ಮಾದರಿಯ ಓವರ್‌ರನ್ ಬ್ರೇಕಿಗೆ ಆ ಸೌಕರ್ಯವಿಲ್ಲ, ಕಾರು ನಿಧಾನವಾದಾಗ ಮಾತ್ರ ಅದು ಹಿಡಿಯುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮುನ್ನವೇ ಕೆಳಗಿನ ಗೇರಿಗೆ ಬಂದು ವೇಗ ತಗ್ಗಿಸಿಕೊಂಡಿರಬೇಕು. ಲಾರಿ ಹಿಂದಿಕ್ಕುವಾಗ ಅದರ ಮುಂದಿನ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳಿ, ಆಮೇಲೆ ಒಳಕ್ಕೆ ಸೆಳೆಯುತ್ತದೆ. ಕನ್ನಡಿಯಲ್ಲಿ ಅದು ಕಂಡೊಡನೆ ತುಸು ನಿಧಾನವಾಗುವುದು ಜಾಣತನ.

ಓಲಾಡಿ ಸುಮ್ಮನಾದ ಟ್ರೇಲರನ್ನು ಸದ್ಯ ಪಾರಾದೆವು ಎಂದು ಹಾಗೇ ಎಳೆದುಕೊಂಡು ಹೋಗಬಾರದು. ಮುಂದಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬಾಗಿಲು ತೆರೆದು ನೋಡಬೇಕು. ಒಡಲು ಜಾರಿದೆಯೇ, ರೆಕ್ಕೆಯ ಬುಡ ತನ್ನ ತೊಟ್ಟಿಲಿನಲ್ಲಿದೆಯೇ, ಟೈರು ಬಿಸಿಯಾಗಿದೆಯೇ, ಕಪ್ಲಿಂಗ್ ಪೂರ್ತಿ ಕೂತಿದೆಯೇ. ಯಾವುದೂ ಕೆಟ್ಟಿಲ್ಲವೆಂದರೆ ಸಾಮಾನನ್ನು ಮುಂದಕ್ಕೆ ಅಥವಾ ಕಾರಿಗೆ ಸಾಗಿಸಿ, ಓಲಾಟ ಹುಟ್ಟಿದ ವೇಗಕ್ಕಿಂತ ಬಹಳ ಕೆಳಗೆ ಉಳಿದು ಮನೆ ಸೇರಬೇಕು. ಸೇರಿದ ಮೇಲೆ ತೂಕದ ಯಂತ್ರ ಹೊರಗೆ ಬರಬೇಕು.

ಕ್ಲಬ್ಬಿನ ಟ್ರೇಲರುಗಳಲ್ಲಿ ಇದು ಇನ್ನೂ ಅಗತ್ಯ. ಅವನ್ನು ಬೇರೆ ಬೇರೆ ಜನ ಬೇರೆ ಬೇರೆ ಕಾರಿಗೆ ಕಟ್ಟುತ್ತಾರೆ, ತಮಗೆ ತಿಳಿದಂತೆ ತುಂಬುತ್ತಾರೆ. ವಿಮಾನದ ಜತೆ ತೂಕದ ಪತ್ರ ಇಲ್ಲದೆ ಯಾರೂ ಹಾರುವುದಿಲ್ಲ, ಟ್ರೇಲರಿಗೂ ಒಂದು ಪುಟದ ಪತ್ರ ಹಿಂಬಾಗಿಲ ಒಳಮೈಗೆ ಅಂಟಿಸಿಡಬಹುದು. ತುಂಬಿದಾಗ ಮೂತಿಭಾರ ಎಷ್ಟು, ಖಾಲಿಯಿದ್ದಾಗ ಎಷ್ಟು, ಯಾವ ಸಾಮಾನಿಗೆ ಯಾವ ಜಾಗ, ಟೈರಿನ ಒತ್ತಡ ಮತ್ತು ವಯಸ್ಸು, ದಾಟಬಾರದ ವೇಗ. ಜಾಗಗಳನ್ನು ಟ್ರೇಲರಿನ ನೆಲದ ಮೇಲೆಯೇ ಬಣ್ಣದಿಂದ ಗುರುತಿಸಿ, ಪಟ್ಟಿ ಕಟ್ಟಲು ಕೊಂಡಿ ಹಾಕಿಸಿದರೆ ಕತ್ತಲಲ್ಲಿ ತುಂಬುವವರೂ ತಪ್ಪುವುದಿಲ್ಲ. ಹೊಸ ಬ್ಯಾಟರಿ, ಹೊಸ ಗಾಲಿ, ಸ್ಟೆಪ್ನಿ ಏನೇ ಸೇರಿದರೂ ಮತ್ತೆ ತೂಗಿ, ತಾರೀಖು ಹಾಕಿ ಪತ್ರ ತಿದ್ದಬೇಕು. ಎರಡು ಸೀಟಿನ ದೊಡ್ಡ ಗ್ಲೈಡರುಗಳ ಟ್ರೇಲರಿನಲ್ಲಿ ಹಿಂದಿರುವ ಭಾರವೂ ಉದ್ದವೂ ಇನ್ನಷ್ಟು ಹೆಚ್ಚಿರುವುದರಿಂದ ಈ ಕೆಲಸ ಅವುಗಳಿಂದಲೇ ಶುರುವಾಗುವುದು ಮೇಲು.